ಸಾಲಿಗೊಂದು ಎಲ್ಲೆ: ಪ್ರೋಗ್ರಾಂ ಬರವಣಿಗೆಯಲ್ಲಿ ಸಾಲಿನ ಉದ್ದದ ನಿಯಮ

ವಿಭಾಗ: ಪ್ರೌಢಶಾಲೆ, ಪೈಥಾನ್ ಪ್ರೋಗ್ರಾಂ ರಚನೆ
ಅವಧಿ: 3 ಪಿರಿಯಡ್‌ಗಳು
ಸಾಮಗ್ರಿಗಳು: ಪ್ರಯೋಗಾಲಯದ ಗಣಕಗಳು, ಪ್ರೊಜೆಕ್ಟರ್, ಹಳೆಯ ದಿನಪತ್ರಿಕೆಗಳು, ಚಾರ್ಟ್ ಹಾಳೆ

ಪೀಠಿಕೆ

ಭಾಷಾ ಅಧ್ಯಾಪಕರು ಮಗುವಿನ ಬರವಣಿಗೆಯನ್ನು ತಿದ್ದುವಾಗ ಕಾಗುಣಿತವನ್ನಷ್ಟೇ ನೋಡುವುದಿಲ್ಲ. ಹಾಳೆಯ ಅಂಚು ಬಿಟ್ಟಿದೆಯೇ, ಪದಗಳ ನಡುವೆ ತೆರಪಿದೆಯೇ, ವಾಕ್ಯವೃಂದ ತಕ್ಕಲ್ಲಿ ಆರಂಭವಾಗಿದೆಯೇ ಎಂಬುದನ್ನೂ ಗಮನಿಸುತ್ತಾರೆ. ಆದರೆ ಮಕ್ಕಳು ಬರೆದ ಪ್ರೋಗ್ರಾಂಗಳನ್ನು ಪರಿಶೀಲಿಸುವಾಗ ‘ಸರಿಯಾದ ಉತ್ತರ ಬಂದಿತೇ?’ ಎಂಬ ಒಂದೇ ಪ್ರಶ್ನೆಗೆ ನಾವು ತೃಪ್ತರಾಗಿಬಿಡುವುದುಂಟು. ಪ್ರೋಗ್ರಾಂ ಸಹ ಒಂದು ಬರವಣಿಗೆ. ಅದನ್ನು ಯಂತ್ರವು ನಡೆಸುತ್ತದೆ, ಮನುಷ್ಯರು ಓದುತ್ತಾರೆ. ಬರೆಯುವುದು ಒಮ್ಮೆಯಾದರೆ, ತಿದ್ದುವುದಕ್ಕಾಗಿ, ವಿಸ್ತರಿಸುವುದಕ್ಕಾಗಿ, ತಪ್ಪು ಹುಡುಕುವುದಕ್ಕಾಗಿ ಓದುವುದು ಹಲವು ಬಾರಿ. ಆದುದರಿಂದಲೇ ತಂತ್ರಾಂಶ ರಚಿಸುವ ತಂಡಗಳು ತಮ್ಮ ಬರವಣಿಗೆಯ ಶೈಲಿಗೆ ಲಿಖಿತ ನಿಯಮಗಳನ್ನು ಮಾಡಿಕೊಂಡಿರುತ್ತವೆ. ಅವುಗಳಲ್ಲಿ ಅತ್ಯಂತ ಸರಳವಾಗಿ ಕಾಣುವ, ಆದರೆ ಅತ್ಯಂತ ಹೆಚ್ಚು ಚರ್ಚೆಗೆ ಒಳಗಾಗಿರುವ ನಿಯಮವೆಂದರೆ ಒಂದು ಸಾಲಿನಲ್ಲಿ ಎಷ್ಟು ಅಕ್ಷರಗಳಿರಬಹುದೆಂಬುದು. ಈ ಪಾಠವು ಆ ನಿಯಮವನ್ನು ಕುರಿತದ್ದು.

ನಿಯಮದಲ್ಲಿರುವ ಸಂಖ್ಯೆಯನ್ನು ಕಂಠಪಾಠ ಮಾಡಿಸುವುದು ಈ ಪಾಠದ ಉದ್ದೇಶವಲ್ಲ. ಸಂಖ್ಯೆ ಯಾವುದೇ ಇರಲಿ, ನಿಯಮವು ಓದುಗನಿಗಾಗಿ ಮಾಡಿಕೊಂಡ ಒಪ್ಪಂದವೆಂಬುದನ್ನು ಮಕ್ಕಳು ಮನಗಾಣಬೇಕು. ಸಾಲನ್ನು ಎಷ್ಟು ಉದ್ದ ಬರೆಯಬೇಕೆಂಬುದಕ್ಕಿಂತ ಎಲ್ಲಿ ಮುರಿಯಬೇಕೆಂಬುದು ಮುಖ್ಯವೆಂಬುದೂ ಅವರಿಗೆ ತಿಳಿಯಬೇಕು.

ಕಲಿಕಾ ಸಾಧನೆಗಳು

ಈ ಪಾಠದ ಕೊನೆಗೆ ಮಕ್ಕಳು,
1. ಸಾಲಿನ ಉದ್ದಕ್ಕೆ ಮಿತಿ ಏರ್ಪಟ್ಟ ಕಾರಣಗಳನ್ನು ವಿವರಿಸುವರು.
2. ದೀರ್ಘವಾದ ಸಾಲನ್ನು ಅರ್ಥ ಕೆಡದಂತೆ ಎರಡು ಅಥವಾ ಹೆಚ್ಚು ಸಾಲುಗಳಾಗಿ ವಿಂಗಡಿಸುವರು.
3. ತಪ್ಪಾಗಿ ಮುರಿದ ಸಾಲಿನಿಂದ ಉಂಟಾಗುವ ದೋಷವನ್ನು ಗುರುತಿಸಿ ತಿದ್ದುವರು.
4. ತಮ್ಮ ತರಗತಿಗೆ ಒಪ್ಪುವ ನಿಯಮವೊಂದನ್ನು ಚರ್ಚಿಸಿ, ಕಾರಣ ಸಹಿತ ಬರೆಯುವರು.

ಪ್ರವೇಶ ಚಟುವಟಿಕೆ

ಪ್ರತಿ ಗುಂಪಿಗೆ ದಿನಪತ್ರಿಕೆಯ ಒಂದು ಪುಟವನ್ನು ಕೊಡಬೇಕು. ಪುಟವು ಅಷ್ಟು ಅಗಲವಾಗಿದ್ದರೂ ಸುದ್ದಿಯನ್ನು ಕಿರಿದಾದ ಅಂಕಣಗಳಲ್ಲಿ ಅಚ್ಚು ಮಾಡಿರುವುದೇಕೆಂದು ಕೇಳಬೇಕು. ಪುಟದ ಎಡ ಅಂಚಿನಿಂದ ಬಲ ಅಂಚಿನವರೆಗೆ ಒಂದೇ ಸಾಲು ಹರಿದಿದ್ದರೆ, ಅದನ್ನು ಓದಿ ಮುಗಿಸಿದ ಕಣ್ಣು ಮುಂದಿನ ಸಾಲಿನ ಮೊದಲನ್ನು ಹುಡುಕುವಾಗ ಹಾದಿ ತಪ್ಪುತ್ತದೆ. ಓದಿದ ಸಾಲನ್ನೇ ಮತ್ತೆ ಓದುವುದೂ ಉಂಟು. ಮಕ್ಕಳು ಇದನ್ನು ತಮ್ಮ ಮಾತುಗಳಲ್ಲಿಯೇ ಹೇಳುವರು.

ಅನಂತರ ಕರಿಹಲಗೆಯ ಮೇಲೆ ಈ ವಾಕ್ಯವನ್ನು ಎರಡು ರೀತಿಯಲ್ಲಿ ಬರೆಯಬೇಕು.

ಅಣ್ಣ ಬಂದ
ಮೇಲೆ ಹೋದ

ಅಣ್ಣ ಬಂದ ಮೇಲೆ
ಹೋದ

ಮೊದಲನೆಯದರಲ್ಲಿ ಅಣ್ಣ ಬಂದು ಮಾಳಿಗೆಗೆ ಹೋದನು. ಎರಡನೆಯದರಲ್ಲಿ ಅಣ್ಣ ಬಂದ ಅನಂತರ ಬೇರೊಬ್ಬನು ಹೊರಟುಹೋದನು. ಪದಗಳು ಅವೇ, ಅವುಗಳ ಕ್ರಮವೂ ಅದೇ. ಸಾಲು ಮುರಿದ ಸ್ಥಳ ಮಾತ್ರ ಬೇರೆ. ಪ್ರೋಗ್ರಾಂನಲ್ಲಿಯೂ ಹೀಗೆಯೇ ಆಗಬಹುದೆಂಬ ಸೂಚನೆಯೊಂದಿಗೆ ಪಾಠವನ್ನು ಪ್ರವೇಶಿಸಬಹುದು.

ವಿಷಯ ವಿವರಣೆ

1. 80 ಎಂಬ ಸಂಖ್ಯೆ ಬಂದ ಬಗೆ

ಗಣಕಗಳಿಗೆ ಪರದೆಗಳಿಲ್ಲದಿದ್ದ ಕಾಲದಲ್ಲಿ ಮಾಹಿತಿಯನ್ನು ದಪ್ಪ ಕಾಗದದ ಪಂಚ್ ಕಾರ್ಡುಗಳಲ್ಲಿ ರಂಧ್ರಗಳನ್ನು ಕೊರೆದು ಒದಗಿಸಲಾಗುತ್ತಿತ್ತು. 1928ರಲ್ಲಿ ಐಬಿಎಂ ಸಂಸ್ಥೆಯು ದುಂಡನೆಯ ರಂಧ್ರಗಳ ಬದಲಿಗೆ ಕಿರಿದಾದ ಆಯತಾಕಾರದ ರಂಧ್ರಗಳನ್ನು ಬಳಕೆಗೆ ತಂದಿತು. ಅದರಿಂದಾಗಿ 45 ಕಂಬಗಳಿದ್ದಷ್ಟೇ ಅಗಲದ ಕಾರ್ಡಿನಲ್ಲಿ 80 ಕಂಬಗಳು ಹಿಡಿಸಿದವು. ಒಂದು ಕಂಬಕ್ಕೆ ಒಂದು ಅಕ್ಷರ. ಒಂದು ಕಾರ್ಡಿಗೆ ಒಂದು ಸಾಲು. ಫೋರ್ಟ್ರಾನ್ ಭಾಷೆಯ ಆರಂಭದ ರೂಪದಲ್ಲಿ ಈ 80ರಲ್ಲಿ 7ರಿಂದ 72ರವರೆಗಿನ ಕಂಬಗಳು ಮಾತ್ರ ಆದೇಶಗಳಿಗೆ ಮೀಸಲು. ಕೊನೆಯ 8 ಕಂಬಗಳಲ್ಲಿ ಕಾರ್ಡಿನ ಕ್ರಮಸಂಖ್ಯೆಯನ್ನು ನಮೂದಿಸಬಹುದಾಗಿತ್ತು. ಕಾರ್ಡುಗಳ ಕಟ್ಟು ಕೈಜಾರಿ ಚೆಲ್ಲಾಪಿಲ್ಲಿಯಾದರೆ ಮತ್ತೆ ಜೋಡಿಸಲು ಅದೇ ಆಧಾರವಾಗುತ್ತಿತ್ತು.

ಕಾರ್ಡುಗಳು ಮರೆಯಾದರೂ ಸಂಖ್ಯೆ ಉಳಿಯಿತು. 1978ರಲ್ಲಿ ಬಂದ ವಿಟಿ100 ಎಂಬ ಪ್ರಸಿದ್ಧ ಟರ್ಮಿನಲ್‌ನ ಪರದೆಯಲ್ಲಿ 24 ಸಾಲುಗಳು, ಸಾಲಿಗೆ 80 ಅಕ್ಷರಗಳು. ಇಂದಿಗೂ ನಮ್ಮ ಪ್ರಯೋಗಾಲಯದ ಗಣಕದಲ್ಲಿ ಟರ್ಮಿನಲ್ ಕಿಟಕಿಯನ್ನು ತೆರೆದರೆ ಅದು ಸಾಮಾನ್ಯವಾಗಿ 80 ಅಕ್ಷರಗಳ ಅಗಲಕ್ಕೇ ತೆರೆದುಕೊಳ್ಳುತ್ತದೆ. ಮಕ್ಕಳು ಇದನ್ನು ಎಣಿಸಿ ನೋಡಲಿ.

2. ಕಾರಣ ಅಳಿದರೂ ನಿಯಮ ಉಳಿದುದೇಕೆ?

ಇಲ್ಲಿ ಚುರುಕಾದ ಮಗು ಕೇಳುವ ಪ್ರಶ್ನೆಯೊಂದಿದೆ: “ಟೀಚರ್, ಸಾಲು ಉದ್ದವಾದರೆ ಕಂಪ್ಯೂಟರಿಗೇನು ತೊಂದರೆ?” ಯಾವ ತೊಂದರೆಯೂ ಇಲ್ಲವೆಂದು ನೇರವಾಗಿಯೇ ಹೇಳಬೇಕು. ತೊಂದರೆ ಇರುವುದು ಓದುವವರಿಗೆ.

ಪೈಥಾನ್ ಭಾಷೆಯ ಶೈಲಿ ಕೈಪಿಡಿಗೆ ಪೆಪ್ 8 ಎಂದು ಹೆಸರು. ಅದು 2001ರಲ್ಲಿ ರೂಪುಗೊಂಡಿತು. ಅದರಂತೆ ಆದೇಶದ ಸಾಲು 79 ಅಕ್ಷರಗಳನ್ನು ಮೀರಬಾರದು. ಟಿಪ್ಪಣಿ ಹಾಗೂ ವಿವರಣೆಯ ಸಾಲು 72ನ್ನು ಮೀರಬಾರದು. 80ರ ಬದಲು 79 ಏಕೆ? ಕೆಲವು ಸಾಧನಗಳು ಸಾಲು ಮುಂದುವರಿದಿದೆಯೆಂದು ತೋರಿಸಲು ಕೊನೆಯ ಸ್ಥಾನದಲ್ಲಿ ಒಂದು ಗುರುತನ್ನು ಇಡುತ್ತವೆ. ಆ ಒಂದು ಸ್ಥಾನವನ್ನು ಅದಕ್ಕಾಗಿ ಬಿಡಲಾಗಿದೆ. ಕೈಪಿಡಿಯು ಕೊಡುವ ಮುಖ್ಯ ಕಾರಣ ಬೇರೆಯೇ ಇದೆ: ಎರಡು ಕಡತಗಳನ್ನು ಅಕ್ಕಪಕ್ಕದಲ್ಲಿ ತೆರೆದು ಓದಲು, ಹಳೆಯ ಮತ್ತು ತಿದ್ದಿದ ಪಾಠಗಳನ್ನು ಹೋಲಿಸಲು ಕಿರಿದಾದ ಸಾಲುಗಳು ಅನುಕೂಲ.

ಇದನ್ನು ಲೆಕ್ಕದ ಮೂಲಕ ಮನದಟ್ಟು ಮಾಡಿಸಬಹುದು. ಪರದೆಯ ಅಗಲ 1366 ಬಿಂದುಗಳು, ಒಂದು ಅಕ್ಷರದ ಅಗಲ 8 ಬಿಂದುಗಳು ಎಂದಿಟ್ಟುಕೊಂಡರೆ ಪರದೆಯಲ್ಲಿ 170 ಅಕ್ಷರಗಳು ಹಿಡಿಸುತ್ತವೆ. ಅಂದರೆ 80 ಅಕ್ಷರಗಳ ಎರಡು ಕಿಟಕಿಗಳನ್ನು ಅಕ್ಕಪಕ್ಕದಲ್ಲಿ ಇಡಬಹುದು; 120 ಅಕ್ಷರಗಳ ಎರಡನ್ನು ಇಡಲಾಗದು. ಇನ್ನು ಹಿಂದಿನ ಬೆಂಚಿನ ಮಗುವಿಗೂ ಕಾಣಲೆಂದು ಪ್ರೊಜೆಕ್ಟರಿನಲ್ಲಿ ಅಕ್ಷರದ ಗಾತ್ರವನ್ನು ಇಮ್ಮಡಿಗೊಳಿಸಿದರೆ, ಹಿಡಿಸುವುದು 85 ಅಕ್ಷರಗಳು ಮಾತ್ರ. 79ರ ಎಲ್ಲೆಯೊಳಗೆ ಬರೆದ ಪ್ರೋಗ್ರಾಂ ಆಗಲೂ ಪೂರ್ತಿಯಾಗಿ ಕಾಣುತ್ತದೆ. ದೃಷ್ಟಿಮಾಂದ್ಯವಿರುವ ಮಗುವಿಗೆ ಇದು ಬರಿಯ ಅನುಕೂಲವಲ್ಲ, ಅವಶ್ಯಕತೆ.

3. ಸಂಖ್ಯೆಯಲ್ಲಿ ಒಮ್ಮತವಿಲ್ಲ

ಎಲ್ಲರೂ 79ನ್ನು ಒಪ್ಪಿಲ್ಲ. ಒಂದು ತಂಡವು ತನ್ನೊಳಗೆ ಒಪ್ಪಿಕೊಂಡರೆ 99ರವರೆಗೆ ಹೋಗಬಹುದೆಂದು ಪೆಪ್ 8 ಸ್ವತಃ ಅವಕಾಶ ನೀಡುತ್ತದೆ. ಪೈಥಾನ್ ಬರವಣಿಗೆಯನ್ನು ತಾನಾಗಿಯೇ ಓರಣಗೊಳಿಸುವ ‘ಬ್ಲ್ಯಾಕ್’ ಎಂಬ ಸಾಧನವು 88ನ್ನು ಆರಿಸಿಕೊಂಡಿದೆ. ಗೂಗಲ್‌ನ ಜಾವಾ ಶೈಲಿಯಲ್ಲಿ ಮಿತಿ 100. ಗೋ ಭಾಷೆಯ ರಚಕರಾದರೋ ಯಾವ ಮಿತಿಯನ್ನೂ ವಿಧಿಸಿಲ್ಲ. ಸಾಲು ತೀರ ಉದ್ದವೆನಿಸಿದರೆ ಮುರಿಯಿರಿ ಎನ್ನುವುದಷ್ಟೇ ಅವರ ಸಲಹೆ.

ಲಿನಕ್ಸ್ ಕರ್ನಲ್‌ನ ಉದಾಹರಣೆ ವಿಶೇಷವಾಗಿ ಗಮನಾರ್ಹ. ಕೇರಳದ ಶಾಲಾ ಪ್ರಯೋಗಾಲಯಗಳ ಗಣಕಗಳು ನಡೆಯುವುದು ಗ್ನು/ಲಿನಕ್ಸ್‌ನಲ್ಲಿಯೇ ಆದುದರಿಂದ ಇದು ನಮ್ಮ ಮಕ್ಕಳಿಗೆ ದೂರದ ವಿಷಯವಲ್ಲ. ಜಗತ್ತಿನ ನಾನಾ ಕಡೆಗಳ ಸಾವಿರಾರು ಮಂದಿ ಕೂಡಿ ಬರೆಯುವ ಈ ತಂತ್ರಾಂಶದಲ್ಲಿ 80ರ ಮಿತಿ ಬಹುಕಾಲ ಬಿಗಿಯಾಗಿತ್ತು. ಸಾಲು 80ನ್ನು ಮೀರಿದೊಡನೆ ತಪಾಸಣಾ ಸಾಧನವು ಎಚ್ಚರಿಸುತ್ತಿತ್ತು. ಎಚ್ಚರಿಕೆಯನ್ನು ತಪ್ಪಿಸಲೆಂದೇ ಸಾಲುಗಳನ್ನು ಎಲ್ಲೆಂದರಲ್ಲಿ ಮುರಿಯುವುದರಿಂದ ಓದುವುದಕ್ಕೂ ಹುಡುಕುವುದಕ್ಕೂ ತೊಡಕಾಗುತ್ತದೆಂಬುದು ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ಅವರ ಅಭಿಪ್ರಾಯವಾಗಿತ್ತು. 2020ರ ಮೇ ತಿಂಗಳಲ್ಲಿ ಎಚ್ಚರಿಕೆಯ ಗಡಿಯನ್ನು 100ಕ್ಕೆ ಏರಿಸಲಾಯಿತು. ಆದರೂ ಕರ್ನಲ್‌ನ ಶೈಲಿ ಕೈಪಿಡಿಯು 80ನ್ನೇ ಅಪೇಕ್ಷಣೀಯ ಮಿತಿಯೆಂದು ಉಳಿಸಿಕೊಂಡಿದೆ. ಮೀರುವುದರಿಂದ ಓದು ಸುಲಭವಾಗುವುದಾದರೆ ಮೀರಬಹುದೆಂದು ಹೇಳುತ್ತದೆ. ನಿಯಮವನ್ನು ಕೈಬಿಡದೆಯೇ ಅದರ ಬಿಗಿಯನ್ನು ಸಡಿಲಿಸಿದ ಈ ಕ್ರಮವನ್ನು ತರಗತಿಯಲ್ಲಿ ಚರ್ಚೆಗೆ ಇಡಬಹುದು.

4. ಸಾಲನ್ನು ಎಲ್ಲಿ ಮುರಿಯಬೇಕು?

ಪಾಠದ ತಿರುಳು ಇಲ್ಲಿದೆ. ಇದಕ್ಕೆ ಒಂದು ಪೂರ್ಣ ಪಿರಿಯಡನ್ನು ಮೀಸಲಿಡುವುದು ಉಚಿತ. ಪೈಥಾನ್ 3ರಲ್ಲಿ ಚರಗಳಿಗೆ ಕನ್ನಡದಲ್ಲಿ ಹೆಸರಿಡಲು ಸಾಧ್ಯವಿರುವುದರಿಂದ ಕೆಳಗಿನ ಉದಾಹರಣೆಗಳನ್ನು ಇದ್ದಂತೆಯೇ ಕಡತದಲ್ಲಿ ಬರೆದು ನಡೆಸಬಹುದು. ಸಾಲುಗಳು ಚಿಕ್ಕವಾದರೂ ಮುರಿಯುವ ಕ್ರಮ ತೋರಿಸಲು ಸಾಕು.

ಒಬ್ಬ ವಿದ್ಯಾರ್ಥಿಯ ಅಂಕಗಳು ಹೀಗಿರಲಿ:

ಕನ್ನಡ = 42
ಇಂಗ್ಲಿಷ್ = 36
ಹಿಂದಿ = 39
ಗಣಿತ = 41
ವಿಜ್ಞಾನ = 38
ಸಮಾಜ = 44

ಒಟ್ಟು ಅಂಕವನ್ನು ಕಂಡುಹಿಡಿಯಲು ಮಗುವೊಂದು ಹೀಗೆ ಬರೆಯಿತೆನ್ನೋಣ:

ಒಟ್ಟು = ಕನ್ನಡ + ಇಂಗ್ಲಿಷ್ + ಹಿಂದಿ
+ ಗಣಿತ + ವಿಜ್ಞಾನ + ಸಮಾಜ

ನಡೆಸಿದಾಗ ಯಾವ ದೋಷ ಸಂದೇಶವೂ ಬರುವುದಿಲ್ಲ. ಆದರೆ ‘ಒಟ್ಟು’ ಎಂಬುದರ ಬೆಲೆ 240ರ ಬದಲು 117 ಆಗಿರುತ್ತದೆ. ಉಳಿದ 123 ಅಂಕಗಳು ಎಲ್ಲಿ ಹೋದವು?

ಮಕ್ಕಳಿಗೆ ಯೋಚಿಸಲು ಸಮಯ ಕೊಟ್ಟು, ಬಳಿಕ ವಿವರಿಸಬೇಕು. ಮೊದಲ ಸಾಲು ತನ್ನಷ್ಟಕ್ಕೇ ಪೂರ್ಣವಾದ ಆದೇಶ. ಆದುದರಿಂದ ಪೈಥಾನ್ ಅದನ್ನು ಅಲ್ಲಿಗೇ ಮುಗಿಸುತ್ತದೆ. ಎರಡನೆಯ ಸಾಲು ಅದರ ಮುಂದುವರಿಕೆಯೆಂದು ನಮಗೆ ತೋರಿದರೂ ಯಂತ್ರಕ್ಕೆ ಅದು ಬೇರೆಯೇ ಆದ ಆದೇಶ. ‘+ ಗಣಿತ’ ಎಂಬುದನ್ನು ಧನ ಚಿಹ್ನೆಯುಳ್ಳ ಸಂಖ್ಯೆಯೆಂದು ಓದಿಕೊಂಡು, ಮೂರು ಅಂಕಗಳನ್ನು ಕೂಡಿಸಿ, ಆ ಮೊತ್ತವನ್ನು ಎಲ್ಲಿಯೂ ಇರಿಸದೆ ಬಿಟ್ಟುಬಿಡುತ್ತದೆ. ‘ಅಣ್ಣ ಬಂದ, ಮೇಲೆ ಹೋದ’ ಎಂಬ ವಾಕ್ಯದಲ್ಲಿ ಆದುದೇ ಇಲ್ಲಿಯೂ ಆಯಿತು. ಅಂಕಪಟ್ಟಿ ತಯಾರಿಸುವ ನಿಜವಾದ ತಂತ್ರಾಂಶದಲ್ಲಿ ಇಂತಹ ತಪ್ಪು ನುಸುಳಿದರೆ, 80 ಪ್ರತಿಶತ ಪಡೆದ ಮಗುವು ಅನುತ್ತೀರ್ಣವೆಂದು ದಾಖಲಾಗಬಹುದು. ಯಂತ್ರವು ಒಂದು ಮಾತನ್ನೂ ಆಡುವುದಿಲ್ಲ.

ಸರಿಯಾದ ಕ್ರಮವೆಂದರೆ ಇಡಿಯ ಉಕ್ತಿಯನ್ನು ಆವರಣದೊಳಗೆ ಇರಿಸುವುದು:

ಒಟ್ಟು = (
    ಕನ್ನಡ + ಇಂಗ್ಲಿಷ್ + ಹಿಂದಿ
    + ಗಣಿತ + ವಿಜ್ಞಾನ + ಸಮಾಜ
)

ತೆರೆದ ಆವರಣವು ಮುಚ್ಚುವವರೆಗೆ ಆದೇಶವು ಮುಗಿದಿಲ್ಲವೆಂದು ಪೈಥಾನ್ ತಿಳಿಯುತ್ತದೆ. ಪೆಪ್ 8 ಶಿಫಾರಸು ಮಾಡುವುದು ಇದನ್ನೇ. ಸಾಲಿನ ಕೊನೆಗೆ ಬ್ಯಾಕ್‌ಸ್ಲ್ಯಾಶ್ ಇಟ್ಟು ಮುಂದುವರಿಸುವ ದಾರಿಯೂ ಇದೆ. ಆದರೆ ಆ ಚಿಹ್ನೆಯ ಬಳಿಕ ಕಣ್ಣಿಗೆ ಕಾಣದ ಒಂದು ತೆರಪು ಉಳಿದರೂ ಪ್ರೋಗ್ರಾಂ ದೋಷ ತೋರಿಸಿ ನಿಲ್ಲುತ್ತದೆ. ಆದುದರಿಂದ ಮಕ್ಕಳಿಗೆ ಅದನ್ನು ಅಭ್ಯಾಸ ಮಾಡಿಸದಿರುವುದು ಲೇಸು.

ಕೂಡಿಸುವ ಚಿಹ್ನೆಯನ್ನು ಸಾಲಿನ ಕೊನೆಯಲ್ಲಿ ಇಡಬೇಕೇ, ಮುಂದಿನ ಸಾಲಿನ ಮೊದಲಲ್ಲಿ ಇಡಬೇಕೇ ಎಂಬುದೂ ಚರ್ಚೆಯ ವಿಷಯವಾಗಿತ್ತು. ಬಹುಕಾಲ ಕೊನೆಯಲ್ಲಿಡುವುದೇ ಪೆಪ್ 8ರ ಸಲಹೆಯಾಗಿತ್ತು. 2016ರಲ್ಲಿ ಅದು ಬದಲಾಯಿತು. ಗಣಿತ ಗ್ರಂಥಗಳಲ್ಲಿ ಬಿಡಿಯಾಗಿ ಅಚ್ಚಾಗುವ ಸೂತ್ರಗಳನ್ನು ಚಿಹ್ನೆಯ ಮುನ್ನ ಮುರಿಯುವ ಸಂಪ್ರದಾಯವನ್ನು ಡೊನಾಲ್ಡ್ ಕನೂತ್ ಅವರು ತಮ್ಮ ಮುದ್ರಣಕಲೆಯ ಗ್ರಂಥಗಳಲ್ಲಿ ವಿವರಿಸಿದ್ದಾರೆ. ಪೆಪ್ 8 ಅದನ್ನೇ ಆಧಾರವಾಗಿ ಸ್ವೀಕರಿಸಿತು. ಚಿಹ್ನೆಯು ಸಾಲಿನ ಮೊದಲಲ್ಲಿದ್ದರೆ ಯಾವುದನ್ನು ಕೂಡಿಸಿದೆ, ಯಾವುದನ್ನು ಕಳೆದಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಆದರೆ ಆವರಣವಿಲ್ಲದಿದ್ದರೆ ಇದೇ ಕ್ರಮವು ಮೇಲಿನಂತೆ ಮೌನವಾಗಿ ಮೋಸಗೊಳಿಸುತ್ತದೆ. ಚಿಹ್ನೆ ಸಾಲಿನ ಕೊನೆಯಲ್ಲಿದ್ದು ಆವರಣ ಮರೆತರೆ ಪೈಥಾನ್ ದೋಷವನ್ನಾದರೂ ತೋರಿಸುತ್ತದೆ. ಆದುದರಿಂದ ‘ಮೊದಲು ಆವರಣ, ಆಮೇಲೆ ಮುರಿತ’ ಎಂಬುದನ್ನು ಮಕ್ಕಳು ರೂಢಿಸಿಕೊಳ್ಳಬೇಕು.

ಪಟ್ಟಿಗಳಲ್ಲಿಯೂ ಇಂತಹುದೇ ಒಂದು ಅಪಾಯವಿದೆ:

ಊರುಗಳು = [
    "ಕಾಸರಗೋಡು",
    "ಮಂಜೇಶ್ವರ"
    "ಕುಂಬಳೆ",
    "ಬದಿಯಡ್ಕ",
]

ಇಲ್ಲಿ ಎಷ್ಟು ಊರುಗಳಿವೆ? ಮಕ್ಕಳು ನಾಲ್ಕು ಎನ್ನುವರು. ಪೈಥಾನ್ ಮೂರು ಎನ್ನುವುದು. ಎರಡನೆಯ ಹೆಸರಿನ ಬಳಿಕ ಅಲ್ಪವಿರಾಮ ಬಿಟ್ಟುಹೋಗಿರುವುದರಿಂದ ಅಕ್ಕಪಕ್ಕದ ಎರಡು ಹೆಸರುಗಳು ಕೂಡಿ ‘ಮಂಜೇಶ್ವರಕುಂಬಳೆ’ ಎಂಬ ಹೊಸ ಊರು ಹುಟ್ಟಿದೆ. ಪ್ರತಿ ಸಾಲಿಗೆ ಒಂದೇ ಹೆಸರು, ಕೊನೆಯ ಹೆಸರಿಗೂ ಅಲ್ಪವಿರಾಮ ಎಂಬ ರೂಢಿಯನ್ನು ಪಾಲಿಸಿದರೆ ಇಂತಹ ಲೋಪವು ಬೇಗನೆ ಕಣ್ಣಿಗೆ ಬೀಳುತ್ತದೆ.

5. ಎಲ್ಲೆಯನ್ನು ಮೀರಬೇಕಾದ ಸಂದರ್ಭಗಳು

ನಿಯಮವನ್ನು ಅಕ್ಷರಶಃ ಪಾಲಿಸುವ ಭರದಲ್ಲಿ ಅದರ ಉದ್ದೇಶವೇ ಕೆಡಬಾರದು. ಬಳಕೆದಾರರಿಗೆ ಕಾಣಿಸುವ ಸಂದೇಶವನ್ನು ಎಷ್ಟೇ ಉದ್ದವಾದರೂ ಮುರಿಯಬಾರದೆಂದು ಲಿನಕ್ಸ್ ಕರ್ನಲ್‌ನ ಕೈಪಿಡಿಯು ಸ್ಪಷ್ಟವಾಗಿ ಹೇಳುತ್ತದೆ. ಕಾರಣ ಸರಳವಾದುದು. ಗಣಕದಲ್ಲಿ ದೋಷ ಸಂದೇಶವೊಂದು ಕಾಣಿಸಿಕೊಂಡಾಗ, ಅದನ್ನು ದುರಸ್ತಿ ಮಾಡುವವರು ಆ ಸಂದೇಶದ ಪದಗಳನ್ನೇ ಹಿಡಿದು ಪ್ರೋಗ್ರಾಂನಲ್ಲಿ ಹುಡುಕುತ್ತಾರೆ. ಸಂದೇಶವನ್ನು ಎರಡು ತುಂಡು ಮಾಡಿ ಎರಡು ಸಾಲುಗಳಲ್ಲಿ ಬರೆದಿದ್ದರೆ ಹುಡುಕಾಟದಲ್ಲಿ ಅದು ಸಿಗುವುದಿಲ್ಲ. ಜಾಲತಾಣದ ದೀರ್ಘವಾದ ವಿಳಾಸಕ್ಕೂ ಇದೇ ಮಾತು ಸಲ್ಲುತ್ತದೆ.

ಇನ್ನೊಂದು ತಪ್ಪು ಮಕ್ಕಳಲ್ಲಿ ಸಾಮಾನ್ಯ: ಸಾಲು ಚಿಕ್ಕದಾಗಲೆಂದು ಚರದ ಹೆಸರನ್ನು ಮೊಟಕುಗೊಳಿಸುವುದು. ‘ವಾರ್ಷಿಕ_ಒಟ್ಟು_ಅಂಕ’ ಎಂಬುದನ್ನು ‘ವಾಒಅ’ ಎಂದು ಬರೆದರೆ ಸಾಲು ಎಲ್ಲೆಯೊಳಗೆ ಬರುತ್ತದೆ, ಅರ್ಥ ಎಲ್ಲೆಯ ಹೊರಗೆ ಉಳಿಯುತ್ತದೆ. ಓದುಗನಿಗಾಗಿ ಮಾಡಿದ ನಿಯಮವನ್ನು ಓದುಗನ ಮೇಲೆಯೇ ಹೊರಿಸಿದಂತಾಗುತ್ತದೆ.

ಸಾಲು ಪದೇ ಪದೇ ಎಲ್ಲೆ ಮೀರುತ್ತಿದ್ದರೆ ಅದು ಪ್ರೋಗ್ರಾಂನ ರಚನೆಯಲ್ಲಿಯೇ ತೊಡಕಿದೆಯೆಂಬುದರ ಸೂಚನೆಯೂ ಆಗಿರಬಹುದು. ಕರ್ನಲ್‌ನ ಶೈಲಿಯಲ್ಲಿ ಒಂದು ಹಂತ ಒಳಗೆ ಸರಿದರೆ 8 ಸ್ಥಾನಗಳು ಖರ್ಚಾಗುತ್ತವೆ. ಒಳಸರಿತವು ಮೂರು ಹಂತಗಳನ್ನು ಮೀರಿದರೆ ಸಾಲನ್ನಲ್ಲ, ಪ್ರೋಗ್ರಾಂ ರಚನೆಯನ್ನೇ ತಿದ್ದಬೇಕೆಂಬುದು ಅಲ್ಲಿಯ ನಿಲುವು.

6. ಕನ್ನಡದಲ್ಲಿ ಬರೆಯುವಾಗ ಎಣಿಕೆ ಹೇಗೆ?

ನಮ್ಮ ಮಕ್ಕಳು ಟಿಪ್ಪಣಿಗಳನ್ನೂ ಸಂದೇಶಗಳನ್ನೂ ಕನ್ನಡದಲ್ಲಿ ಬರೆಯಬೇಕು, ಬರೆಯಲಿ. ಆಗ ‘79 ಅಕ್ಷರ’ ಎಂಬಲ್ಲಿ ಅಕ್ಷರವೆಂದರೇನು ಎಂಬ ಪ್ರಶ್ನೆ ಏಳುತ್ತದೆ. ‘ಸ್ವಾತಂತ್ರ್ಯ’ ಎಂಬ ಪದದಲ್ಲಿ ಎಷ್ಟು ಅಕ್ಷರಗಳೆಂದು ಕೇಳಿದರೆ ವ್ಯಾಕರಣ ಬಲ್ಲ ಮಗು ಮೂರು ಎನ್ನುತ್ತದೆ: ಸ್ವಾ, ತಂ, ತ್ರ್ಯ. ಪೈಥಾನ್‌ಗೆ ಕೇಳಿದರೆ 11 ಎನ್ನುತ್ತದೆ. ಯೂನಿಕೋಡ್ ಪದ್ಧತಿಯಲ್ಲಿ ವ್ಯಂಜನ, ವಿರಾಮ ಚಿಹ್ನೆಯಾದ ಅರ್ಧಾಕ್ಷರದ ಗುರುತು, ಸ್ವರಚಿಹ್ನೆ, ಅನುಸ್ವಾರ ಇವುಗಳಿಗೆಲ್ಲ ಬೇರೆ ಬೇರೆ ಸಂಕೇತಗಳಿವೆ. ಪೈಥಾನ್ ಎಣಿಸುವುದು ಅವುಗಳನ್ನು. ಸಾಲಿನ ಉದ್ದವನ್ನು ಅಳೆಯುವ ‘ಪೈಕೋಡ್‌ಸ್ಟೈಲ್’ ಎಂಬ ತಪಾಸಣಾ ಸಾಧನವೂ ಅವನ್ನೇ ಎಣಿಸುತ್ತದೆ. ಹೀಗಾಗಿ ಪರದೆಯಲ್ಲಿ ಚಿಕ್ಕದಾಗಿ ಕಾಣುವ ಕನ್ನಡ ಸಾಲು ಸಾಧನದ ಲೆಕ್ಕದಲ್ಲಿ ಎಲ್ಲೆ ಮೀರಿರಬಹುದು.

ಇದರಿಂದ ಕನ್ನಡವೇ ಉದ್ದದ ಭಾಷೆಯೆಂದು ಮಕ್ಕಳು ಭಾವಿಸಬಾರದು. ದೋಷವಿರುವುದು ಭಾಷೆಯಲ್ಲಲ್ಲ; ಒಂದು ಲಿಪಿಯನ್ನು ಮುಂದಿಟ್ಟುಕೊಂಡು ಗೊತ್ತುಮಾಡಿದ ಅಳತೆಯಲ್ಲಿ. ನಿಯಮ ಮಾಡುವಾಗ ‘ಏನನ್ನು ಎಣಿಸಬೇಕು’ ಎಂಬುದನ್ನೂ ಅದರಲ್ಲಿಯೇ ಬರೆಯಬೇಕೆಂಬ ಪಾಠವನ್ನು ಇಲ್ಲಿಂದ ಪಡೆಯಬೇಕು. ಎಣಿಕೆಗಾಗಿ ಕನ್ನಡ ಟಿಪ್ಪಣಿಯನ್ನು ಕೈಬಿಡುವ ಬದಲು ಅದನ್ನು ಎರಡು ಸಾಲುಗಳಲ್ಲಿ ಬರೆಯಬಹುದು.

ಗುಂಪು ಚಟುವಟಿಕೆ: ನಮ್ಮ ತರಗತಿಯ ನಿಯಮ

ಮಕ್ಕಳನ್ನು ಐದು ಗುಂಪುಗಳಾಗಿ ವಿಂಗಡಿಸಿ ಪ್ರತಿ ಗುಂಪಿಗೆ ಒಂದು ಪ್ರಶ್ನೆಯನ್ನು ವಹಿಸಬೇಕು.

1. ಮಿತಿ ಎಷ್ಟು? ಪ್ರಯೋಗಾಲಯದ ಪರದೆ ಮತ್ತು ಪ್ರೊಜೆಕ್ಟರನ್ನು ಅಳೆದು ನಿರ್ಧರಿಸಿ.
2. ಎಣಿಸುವುದು ಏನನ್ನು? ಕನ್ನಡ ಮತ್ತು ಇಂಗ್ಲಿಷ್ ಸಾಲುಗಳೆರಡನ್ನೂ ಪರೀಕ್ಷಿಸಿ.
3. ಸಾಲನ್ನು ಮುರಿಯುವ ಸ್ಥಳ ಯಾವುದು? ಉದಾಹರಣೆ ಕೊಡಿ.
4. ಯಾವ ಸಾಲುಗಳಿಗೆ ವಿನಾಯಿತಿ? ಕಾರಣ ಬರೆಯಿರಿ.
5. ಪರಿಶೀಲಿಸುವವರು ಯಾರು? ಸಾಧನವೇ, ಸಹಪಾಠಿಯೇ?

ಗುಂಪುಗಳು ತಮ್ಮ ತೀರ್ಮಾನಗಳನ್ನು ಮಂಡಿಸಿದ ಬಳಿಕ ಎಲ್ಲವನ್ನೂ ಕ್ರೋಡೀಕರಿಸಿ ಒಂದು ಚಾರ್ಟಿನಲ್ಲಿ ಬರೆದು ಪ್ರಯೋಗಾಲಯದ ಗೋಡೆಯಲ್ಲಿ ಪ್ರದರ್ಶಿಸಬೇಕು. ಅಂತಿಮ ಸಂಖ್ಯೆಯನ್ನು ಅಧ್ಯಾಪಕರು ಮೊದಲೇ ಹೇಳಬಾರದು. ಮಕ್ಕಳು 79ರ ಬದಲು 90ನ್ನು ಆರಿಸಿದರೂ ಕಾರಣ ಸಮಂಜಸವಾಗಿದ್ದರೆ ಅದನ್ನೇ ಮಾನ್ಯ ಮಾಡಬೇಕು.

ಒಪ್ಪಿಕೊಂಡ ನಿಯಮವನ್ನು ಹೊಸ ಬರವಣಿಗೆಗೆ ಅನ್ವಯಿಸುವುದು ಸುಲಭ. ಹಳೆಯ ಪ್ರೋಗ್ರಾಂಗಳನ್ನು ನಿಯಮಕ್ಕೆ ಹೊಂದಿಸುವಾಗ ಎಚ್ಚರ ಬೇಕು. ಸಾಲುಗಳ ಓರಣವನ್ನೂ ಲೆಕ್ಕದ ತಿದ್ದುಪಡಿಯನ್ನೂ ಒಂದೇ ಬಾರಿಗೆ ಮಾಡಿದರೆ, ನಿಜವಾಗಿ ಬದಲಾದುದು ಯಾವುದೆಂದು ಹೋಲಿಸಿ ನೋಡುವವರಿಗೆ ತಿಳಿಯದು. ಮೊದಲು ಓರಣ, ಅದನ್ನು ಉಳಿಸಿದ ಬಳಿಕ ತಿದ್ದುಪಡಿ ಎಂಬ ಕ್ರಮವನ್ನು ಪಾಲಿಸಬೇಕು.

ಮೌಲ್ಯಮಾಪನ

1. ಆವರಣವಿಲ್ಲದೆ ಮುರಿದ ಮೇಲಿನ ಉದಾಹರಣೆಯಲ್ಲಿ ‘+ ವಿಜ್ಞಾನ’ದ ಮುನ್ನ ಸಾಲು ಮುರಿದಿದ್ದರೆ ‘ಒಟ್ಟು’ ಎಷ್ಟಾಗುತ್ತಿತ್ತು? (ಉತ್ತರ: 158)
2. ಸಾಲನ್ನು ‘ಹಿಂದಿ +’ ಎಂದು ಮುಗಿಸಿ, ಆವರಣವಿಲ್ಲದೆ ಮುಂದುವರಿಸಿದರೆ ಏನಾಗುತ್ತದೆ? ನಡೆಸಿ ನೋಡಿ ದಾಖಲಿಸಿ.
3. ‘ರಾಷ್ಟ್ರ’ ಎಂಬ ಪದಕ್ಕೆ ವ್ಯಾಕರಣದ ಎಣಿಕೆ ಎಷ್ಟು, ಪೈಥಾನ್‌ನ ಎಣಿಕೆ ಎಷ್ಟು? (ಉತ್ತರ: 2 ಮತ್ತು 7)
4. ಪರದೆಗಳು ಅಗಲವಾಗಿರುವ ಈ ಕಾಲದಲ್ಲಿ ಸಾಲಿನ ಉದ್ದಕ್ಕೆ ಮಿತಿ ಬೇಕೇ? ನಿಮ್ಮ ಅಭಿಪ್ರಾಯವನ್ನು ಎರಡು ಕಾರಣಗಳೊಂದಿಗೆ ಬರೆಯಿರಿ.

ನಾಲ್ಕನೆಯ ಪ್ರಶ್ನೆಗೆ ‘ಬೇಕು’ ಎಂಬ ಉತ್ತರವನ್ನಷ್ಟೇ ನಿರೀಕ್ಷಿಸಬಾರದು. ಕಾರಣದ ಬಲವನ್ನು ನೋಡಿ ಅಂಕ ನೀಡಬೇಕು.

ಅಧ್ಯಾಪಕರ ಗಮನಕ್ಕೆ

ಮಕ್ಕಳ ಪ್ರೋಗ್ರಾಂಗಳಲ್ಲಿ ಒಂದೆರಡು ಸಾಲುಗಳು ಎಲ್ಲೆ ಮೀರಿದ ಮಾತ್ರಕ್ಕೆ ಅಂಕ ಕಳೆಯುವುದು ಸಾಧುವಲ್ಲ. ಬದಲಿಗೆ, ಮಗುವು ತನ್ನ ಪ್ರೋಗ್ರಾಂ ಅನ್ನು ಸಹಪಾಠಿಗೆ ಕೊಡಲಿ. ಬರೆದವರು ಪಕ್ಕದಲ್ಲಿ ನಿಂತು ವಿವರಿಸದೆಯೇ ಆ ಸಹಪಾಠಿಗೆ ಅದು ಅರ್ಥವಾಯಿತೇ ಎಂದು ವಿಚಾರಿಸಬೇಕು. ಅರ್ಥವಾಗದಿದ್ದರೆ ಯಾವ ಸಾಲಿನಲ್ಲಿ ತಡೆಯಾಯಿತೆಂದು ಇಬ್ಬರೂ ಕೂಡಿ ಗುರುತಿಸಿ ತಿದ್ದಲಿ. ಹೀಗೆ ಎರಡು ಮೂರು ಬಾರಿ ಮಾಡಿದ ಮಗುವು ಮುಂದೆ ಬರೆಯುವಾಗ, ಯಾರೂ ಹೇಳದಿದ್ದರೂ, ಓದುವವರನ್ನು ನೆನೆದು ಸಾಲನ್ನು ತಕ್ಕಲ್ಲಿ ನಿಲ್ಲಿಸುತ್ತದೆ.